ಮಾಗಡಿ ರಸ್ತೆಯನ್ನು ಅಗೆಯದೆ ದಾಟಿದ್ದು

ಕುಡಿಯುವ ನೀರಿನ ದೊಡ್ಡ ಕೊಳವೆ ಒಡೆಯಬಹುದಿತ್ತು. ಒಡೆದಿದ್ದರೆ ಸೋಮವಾರ ಬೆಳಿಗ್ಗೆ ವಿಜಯನಗರದ ಅರ್ಧ ಜನ ಖಾಲಿ ಬಿಂದಿಗೆ ಹಿಡಿದು ನಮ್ಮ ಮನೆ ಮುಂದೆ ನಿಲ್ಲುತ್ತಿದ್ದರು. ಕರೆಂಟಿನ ದಪ್ಪ ಕೇಬಲ್ಲಿಗೆ ನಮ್ಮ ಉಕ್ಕಿನ ರಾಡು ತಗಲಬಹುದಿತ್ತು. ತಗಲಿದರೆ ಮೆಷಿನ್ ಮೇಲೆ ಕೂತ ಮಲ್ಲಪ್ಪನ ಗತಿ ಏನು ಅಂತ ನಾನು ಸರಿಯಾಗಿ ಊಟ ಮಾಡಿರಲಿಲ್ಲ, ಮಲ್ಲಪ್ಪ ಮಾತ್ರ ಚೆನ್ನಾಗಿಯೇ ಉಂಡಿದ್ದ. ಒಳಚರಂಡಿ ತೂತಾಗಬಹುದಿತ್ತು. ರಸ್ತೆ ಕುಸಿದು ಬಸ್ಸಿನ ಮುಂದಿನ ಚಕ್ರ ಇಳಿಯಬಹುದಿತ್ತು. ಮುಚ್ಚಿಹೋದ ಹಳೇ ಬಾವಿಯೊಂದಕ್ಕೆ ನಮ್ಮ ಕೊರೆಯುವ ತಲೆ ನುಗ್ಗಿ, ಅಲ್ಲಿಂದಾಚೆಗೆ ಎತ್ತ ಹೋಯಿತು ಅನ್ನುವುದು ಭೂತಾಯಿಗೇ ಗೊತ್ತು ಅನ್ನುವಂತಾಗಬಹುದಿತ್ತು. ತಲೆಯೊಳಗಿನ ಬ್ಯಾಟರಿ ಬಿಸಿಯಾಗಿ ಸತ್ತು, ರಸ್ತೆಯ ನಟ್ಟನಡುವೆ ನಾವು ಕುರುಡರಾಗಬಹುದಿತ್ತು. ರಾಡು ಮುರಿಯಬಹುದಿತ್ತು. ಬೂದು ಕೆಸರು ಯಾರದೋ ದೇವರ ಮನೆಯಲ್ಲಿ ಉಕ್ಕಬಹುದಿತ್ತು. ಮಳೆ ಬರಬಹುದಿತ್ತು. ಮೆರವಣಿಗೆ ಬರಬಹುದಿತ್ತು. ಮೆರವಣಿಗೆಯ ಜೊತೆ ಮಳೆಯೂ ಬರಬಹುದಿತ್ತು.

ಇವನ್ನೆಲ್ಲ ನಾನು ಆ ಭಾನುವಾರದ ಕೆಲಸದ ಹಿಂದಿನ ದಿನ ಹೆಂಡತಿ ಗೀತಾಳಿಗೆ ಒಂದೊಂದಾಗಿ ಹೇಳಿದ್ದೆ. ಅವಳು ಹುಣಸೆಹಣ್ಣು ಹಿಚುಕುತ್ತಾ ಕೇಳಿಸಿಕೊಂಡು, “ಭೂಕಂಪ ಬಿಟ್ಟುಬಿಟ್ರಿ” ಅಂದಳು. ಅದೂ ಸರಿಯೇ ಅನ್ನಿಸಿ ಸ್ವಲ್ಪ ಹೊತ್ತು ಅದನ್ನೂ ಯೋಚಿಸಿದೆ.

ನಾನು ಭೂಮಿ ಕೊರೆಯುವ ಕೆಲಸದಲ್ಲಿದ್ದೆ ಅಂದರೆ ಜನ ಬೋರ್‌ವೆಲ್ ಅಂದುಕೊಳ್ಳುತ್ತಾರೆ. ಬೋರ್‌ವೆಲ್ ಕೆಳಕ್ಕೆ ಹೋಗುತ್ತದೆ, ನಮ್ಮದು ಅಡ್ಡಕ್ಕೆ. ಎರಡು ಸಾವಿರದ ಇಸವಿಯ ಆಚೀಚೆ ಬೆಂಗಳೂರಿಗೆ ಫೈಬರ್ ಕೇಬಲ್ಲಿನ ಹುಚ್ಚು ಹಿಡಿದಾಗ, ರಸ್ತೆ ಅಗೆದು ಅಗೆದು ಜನರ ಹತ್ತಿರ ಬೈಸಿಕೊಂಡ ಕಂಪನಿಗಳು ನಮ್ಮಂಥವರನ್ನು ಕರೆಯತೊಡಗಿದವು. ರಸ್ತೆಯ ಈ ಬದಿಯಲ್ಲೊಂದು ಗುಂಡಿ, ಆ ಬದಿಯಲ್ಲೊಂದು ಗುಂಡಿ. ಈ ಗುಂಡಿಯಿಂದ ಒಂದು ಮೆಷಿನ್ ಉಕ್ಕಿನ ರಾಡುಗಳನ್ನು ಒಂದರ ಬಾಲಕ್ಕೆ ಒಂದು ಜೋಡಿಸುತ್ತಾ ಮಣ್ಣಿನೊಳಗೆ ತಳ್ಳಿಕೊಂಡು ಹೋಗುತ್ತದೆ. ಅದು ಆ ಗುಂಡಿಯಲ್ಲಿ ತಲೆ ಹಾಕಿದ ಮೇಲೆ ಅದರ ತುದಿಗೆ ಪ್ಲಾಸ್ಟಿಕ್ ಕೊಳವೆ ಕಟ್ಟಿ ವಾಪಸ್ ಎಳೆದುಕೊಳ್ಳುವುದು. ಮೇಲೆ ಬಸ್ಸು, ಆಟೋ, ಹೂವಿನ ಗಾಡಿ ಎಲ್ಲ ತಮ್ಮ ಪಾಡಿಗೆ ಓಡಾಡುತ್ತಿರುತ್ತವೆ. ಕೆಳಗೆ ಒಂದು ಕೊಳವೆ ದಾಟಿಹೋಗಿರುತ್ತದೆ. ಎಲ್ಲ ಸರಿಹೋದರೆ ಯಾರಿಗೂ ಗೊತ್ತಾಗದ ಕೆಲಸ ಇದು. ಗೊತ್ತಾಯಿತು ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗರು ಆಗಾಗ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್ ಅಂತ ಕೇಳುತ್ತಾರೆ. ಮಂಡಿ ನೋವು ಅಂತ ಹೇಳಿ ನಾನು ಐವತ್ತು ದಾಟುತ್ತಿದ್ದಂತೆಯೇ ಕೆಲಸ ಬಿಟ್ಟವನು. ಮಂಡಿ ನೋವು ನಿಜ, ಆದರೆ ಎದೆಬಡಿತ ಅದಕ್ಕಿಂತ ನಿಜ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಅನ್ನುವುದು ಅವರಿಗೆ ಬೇಡ, ನನಗೂ ನೆನಪಿಲ್ಲ. ಹೆದರಿಕೊಂಡ ದಿನಗಳು ಮಾತ್ರ ಚೆನ್ನಾಗಿ ನೆನಪಿವೆ. ಅವನ್ನೇ ಹೇಳುತ್ತೇನೆ.

ಮೊದಲು ತಿರುಗಿಸುವ ವಿದ್ಯೆ. ಮಣ್ಣೊಳಗೆ ಹೋಗುವ ಉಕ್ಕಿನ ತಲೆಯ ತುದಿ ಕಬ್ಬನ್ನು ಓರೆಯಾಗಿ ಕತ್ತರಿಸಿದ ಹಾಗೆ ಇರುತ್ತದೆ. ಗಿರಗಿರ ತಿರುಗಿಸುತ್ತಾ ತಳ್ಳಿದರೆ ನೆಟ್ಟಗೆ ಹೋಗುತ್ತದೆ. ತಿರುಗುವುದನ್ನು ನಿಲ್ಲಿಸಿ ಸುಮ್ಮನೆ ತಳ್ಳಿದರೆ ಓರೆ ಮುಖ ಎತ್ತ ಇದೆಯೋ ಅದಕ್ಕೆ ತಕ್ಕಂತೆ ವಾಲುತ್ತದೆ. ಅಷ್ಟೇ ವಿದ್ಯೆ. ಅದು ಎತ್ತ ವಾಲಬೇಕು ಅನ್ನುವುದನ್ನು ನಾವು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಿದ್ದೆವು. ಹನ್ನೆರಡು ಅಂದರೆ ಮೇಲೆ, ಆರು ಅಂದರೆ ಕೆಳಗೆ, ಮೂರು ಬಲ, ಒಂಬತ್ತು ಎಡ. ತಲೆಯೊಳಗೆ ಒಂದು ಸಣ್ಣ ಟ್ರಾನ್ಸ್‌ಮಿಟರ್ ಕೂತು ತಾನೆಲ್ಲಿದ್ದೇನೆ, ಎಷ್ಟು ಆಳದಲ್ಲಿದ್ದೇನೆ, ಮುಖ ಎತ್ತ ಇದೆ ಅಂತ ಹೇಳುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳುವ ರಿಸೀವರನ್ನು ಹಾಲಿನ ಕ್ಯಾನಿನ ಹಾಗೆ ಕೈಯಲ್ಲಿ ತೂಗುಹಾಕಿಕೊಂಡು, ನೆಲದ ಮೇಲೆ ಅದರ ನೆತ್ತಿಗೆ ಸರಿಯಾಗಿ ನಡೆಯುವವನು ನಾನು. ಮೆಷಿನ್ ಮೇಲೆ ಕೂತು ಲಿವರ್ ಹಿಡಿಯುವವನು ಮಲ್ಲಪ್ಪ. ಇಬ್ಬರ ನಡುವೆ ಒಂದು ವಾಕಿಟಾಕಿ.

ಒಂದು ಸಲ ರಾಜಾಜಿನಗರದಲ್ಲಿ ನಾನು “ಮೂರು ಗಂಟೆ, ಮೂರು ಗಂಟೆ” ಅಂತ ಕೂಗುತ್ತಿದ್ದೆ. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ವಾಚು ನೋಡಿಕೊಂಡು, ಇನ್ನೂ ಹನ್ನೊಂದಾಗಿದೆ ಕಣ್ರೀ, ನಿಮಗ್ಯಾಕೆ ಇಷ್ಟು ಅವಸರ ಅಂದರು. ಅವರು ಹೇಳಿದ್ದು ಬೇರೆಯದೇ ಆದರೂ ಸರಿಯಾಗೇ ಹೇಳಿದ್ದರು. ಈ ಕೆಲಸದಲ್ಲಿ ಕೆಟ್ಟದ್ದೆಲ್ಲ ಕೆಟ್ಟದ್ದು ಅವಸರದಿಂದಲೇ.

ಮಲ್ಲಪ್ಪ ಬಾಗಲಕೋಟೆ ಕಡೆಯವನು. ಹುಬ್ಬಳ್ಳಿ, ಪುಣೆ ಅಂತ ಮೆಷಿನ್ ಹೋದಲ್ಲೆಲ್ಲ ಹೋಗಿ, ಕೊನೆಗೆ ಬೆಂಗಳೂರಿಗೆ ಬಂದು ಸುಂಕದಕಟ್ಟೆಯಲ್ಲಿ ಒಂದು ಕೋಣೆಯ ಮನೆ ಹಿಡಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡಿದ್ದ. ದೊಡ್ಡ ಮಗಳು ಶಾಲೆ ಸೇರಿದ ಸ್ವಲ್ಪ ದಿನಕ್ಕೇ, ಅಪ್ಪ, ಐತಿ ಅನ್ಬೇಡ, ಇದೆ ಅನ್ನು ಅಂತ ಅವನನ್ನು ತಿದ್ದತೊಡಗಿದ್ದಳಂತೆ. ಅದನ್ನು ಅವನು ದೂರಿನ ಹಾಗೆ ಹೇಳಿಕೊಳ್ಳುತ್ತಿದ್ದ, ಆದರೆ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ.

ನಮ್ಮ ಮೇಲಿನವರು ವರದರಾಜು ಸಾರ್. ಅವರು ಮೊದಲು ಸಮುದ್ರದೊಳಗಿನ ಎಣ್ಣೆ ಬಾವಿಗಳಲ್ಲಿ ಕೆಲಸ ಮಾಡಿದ್ದವರು. ಅಲ್ಲಿನ ಯಂತ್ರಗಳ ಕಥೆ ಹೇಳಲು ಕೂತರೆ ನಮ್ಮ ಕಾಫಿ ಆರುತ್ತಿತ್ತು. ಅಲ್ಲಿ ನಮ್ಮ ಹಾಗೆ ತಿರುಗುವುದನ್ನು ನಿಲ್ಲಿಸಿ ತಳ್ಳುವ ರಗಳೆಯೇ ಇಲ್ಲವಂತೆ. ತಲೆ ಗಿರಗಿರ ತಿರುಗುತ್ತಲೇ ಬೇಕಾದ ಕಡೆ ಬಾಗುತ್ತದಂತೆ. ಮೈಲಿಗಟ್ಟಲೆ ಆಳದಲ್ಲಿರುವ ಅದಕ್ಕೆ ಮೇಲಿಂದ ಕೆಸರು ನೀರಿನ ಒತ್ತಡದಲ್ಲೇ ಸುದ್ದಿ ಕಳಿಸುತ್ತಾರಂತೆ. ತಲೆಯನ್ನು ಒಂದೊಂದು ಸಲ ಇಳಿಸುವುದಕ್ಕೂ ವಾರಗಟ್ಟಲೆ ಮುಂಚೆ ಯೋಜನೆ. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಅಂಥ ಕೆಲಸ ಬಿಟ್ಟು ಈ ಚರಂಡಿ ಪಕ್ಕದ ಕೆಲಸಕ್ಕೆ ಯಾಕೆ ಬಂದಿರಿ ಅಂತ ನಾನೊಮ್ಮೆ ಕೇಳಿಯೇಬಿಟ್ಟೆ. ಮನೆಯವರು ಕರೆದರು ಅಂದರು. ಆಮೇಲೆ ಯೋಚಿಸಿ, “ಆದ್ರೆ ಒಂದು ಹೇಳ್ತೀನಿ ನಾಗರಾಜ್. ಅಲ್ಲಿ ಕೆಳಗೆ ಏನಿದೆ ಅಂತ ಗೊತ್ತಿರ್ಲಿಲ್ಲ. ಆದ್ರೆ ಅದು ಯಾರದೂ ಆಗಿರ್ಲಿಲ್ಲ. ಇಲ್ಲಿ ಕೆಳಗಿರೋದೆಲ್ಲ ಯಾರದೋ ಒಬ್ಬರದು” ಅಂದರು. ಹುಡುಗರೇ, ಬೇರೆ ಏನು ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ಯಾರದೋ ಒಬ್ಬರದು ಅನ್ನುವುದು ಮಹಾಲಕ್ಷ್ಮಿ ಲೇಔಟಿನಲ್ಲಿ ನನಗೆ ಸರಿಯಾಗಿ ಅರ್ಥವಾಯಿತು. ಕೊರೆಯುವಾಗ ತೂತು ಕುಸಿಯದಿರಲಿ ಅಂತ ಒಂದು ಬಗೆಯ ಜೇಡಿಪುಡಿಯನ್ನು ನೀರಿಗೆ ಕಲಸಿ ರಾಡಿನೊಳಗಿಂದ ಬಿಡುತ್ತಿರುತ್ತೇವೆ. ನೋಡಲು ತೆಳ್ಳಗಿನ ರಾಗಿ ಅಂಬಲಿಯ ಹಾಗಿರುತ್ತದೆ. ಅದು ಬಂದ ದಾರಿಯಲ್ಲೇ ವಾಪಸ್ಸು ನಮ್ಮ ಗುಂಡಿಗೆ ಬರಬೇಕು. ಅಲ್ಲಿ ಬರಲಿಲ್ಲ. ಎಲ್ಲಿ ಹೋಯಿತು ಅಂತ ನಾನು ಬೀದಿಯುದ್ದಕ್ಕೂ ಮೋರಿ ಇಣುಕುತ್ತಾ ಓಡಾಡುತ್ತಿರುವಾಗ ಒಂದು ಮನೆಯ ಗೇಟಿನಿಂದ ಆಂಟಿಯೊಬ್ಬರು ಕೈ ಮಾಡಿ ಕರೆದರು. ನಿಮ್ಮ ಮಣ್ಣು ನಮ್ಮನೆಗೆ ಬಂದಿದೆ, ಬಂದು ಹೊಡ್ಕೊಂಡು ಹೋಗಿ ಅಂದರು, ದಾರಿ ತಪ್ಪಿ ಬಂದ ಎಮ್ಮೆಯ ಬಗ್ಗೆ ಹೇಳುವ ಹಾಗೆ. ಹೋಗಿ ನೋಡಿದರೆ ಬಚ್ಚಲ ಮನೆಯ ನೀರು ಹೋಗುವ ತೂತಿನಿಂದ ಬೂದು ಅಂಬಲಿ ಬುಳುಬುಳು ಅಂತ ಮೇಲೆ ಬರುತ್ತಿತ್ತು. ಅವತ್ತು ಸಂಜೆವರೆಗೆ ನಾನು ಆ ಬಚ್ಚಲು ತೊಳೆದೆ. ಅವರು ಬಾಗಿಲಲ್ಲಿ ನಿಂತು, ಆ ಮೂಲೆ, ಈ ಮೂಲೆ ಅಂತ ತೋರಿಸಿದರು. ಅವರಿಗೂ ಗಡಿಯಾರದ ಲೆಕ್ಕ ಕಲಿಸಿಬಿಡೋಣ ಅನ್ನಿಸಿತ್ತು.

ಅದು ನಗುವ ಪ್ರಸಂಗ. ಬಸವೇಶ್ವರನಗರದ್ದು ಹಾಗಲ್ಲ.

ಅಲ್ಲೊಂದು ಅಡ್ಡರಸ್ತೆಯ ಕೆಳಗೆ ಹೋಗುವಾಗ ನೀರಿನ ಕೊಳವೆಗೆ ತಗುಲಿತು. ರಸ್ತೆಯನ್ನು ಎಷ್ಟೋ ವರ್ಷಗಳ ಹಿಂದೆ ತಗ್ಗಿಸಿದ್ದರಿಂದ ಕೊಳವೆ ಯಾರೂ ಎಣಿಸದಷ್ಟು ಮೇಲೆ ಕೂತಿತ್ತು. ಅದರಲ್ಲಿ ಯಾರ ತಪ್ಪು ಅಂತ ಹೇಳುವುದು ಕಷ್ಟ. ಆದರೆ ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಏನು ಒಡೆದರೂ ಹೆಸರು ಬರುವುದು ಲಿವರ್ ಹಿಡಿದವನಿಗೆ. ದಾರಿ ಹೇಳುವವನು ನಾನು, ದಾರಿ ಗೀಚುವವನು ನಾನು, ಆದರೂ “ಮಲ್ಲಪ್ಪ ಪೈಪ್ ಒಡೆದ” ಅಂತಲೇ ಎಲ್ಲರೂ ಹೇಳಿದರು. ರಸ್ತೆ ತುಂಬ ನೀರು ಹರಿದು, ಜನ ಬಂದು, ಫೋನುಗಳ ಮೇಲೆ ಫೋನು ಬಂದು, ಕೊನೆಗೆ ವರದರಾಜು ಸಾರ್ ಪ್ಯಾಂಟು ಮಡಚಿಕೊಂಡು ಆ ನೀರಿನಲ್ಲಿ ನಿಂತು ಮಲ್ಲಪ್ಪನಿಗೆ ಹೇಳಿದರು:

“ಇನ್ನೊಂದು ಪೈಪ್ ಒಡೆದ್ರೆ ನೀನು ಸೀಟು ಇಳೀಬೇಕು ಕಣಯ್ಯ. ರಾಜಸ್ಥಾನದ ಸೈಟಿಗೆ ರಾಡ್ ಹೊರೋಕೆ ಹೋಗ್ತೀಯ. ನನ್ನ ಕೈಲೂ ತಡೆಯೋಕಾಗಲ್ಲ.”

ಜೋರಾಗಿ ಹೇಳಿದ್ದರೆ ಪರವಾಗಿರಲಿಲ್ಲ. ಮೆಲ್ಲಗೆ ಹೇಳಿದರು. ನಾನು ಮಧ್ಯೆ ಬಾಯಿ ಹಾಕಿ, ದಾರಿ ಗೀಚಿದ್ದು ನಾನಲ್ಲವಾ ಸಾರ್, ನನ್ನನ್ನೂ ಕಳಿಸಿ ಅಂದೆ. ನಿಮ್ಮನ್ನು ಕಳಿಸಿದರೆ ಮರುಭೂಮಿಯಲ್ಲೂ ಪ್ರವಾಹ ಬರಬಹುದು ಅಂತ ಅಲ್ಲಿನವರನ್ನೆಲ್ಲ ಹೆದರಿಸಿಬಿಡ್ತೀರ, ಸುಮ್ನಿರಿ ಅಂದರು.

ಆವತ್ತು ವಾಪಸ್ಸು ಬರುವಾಗ ಮಲ್ಲಪ್ಪ ನನ್ನ ಸ್ಕೂಟರಿನ ಹಿಂದೆ ಕೂತಿದ್ದ. ಸುಂಕದಕಟ್ಟೆಯಲ್ಲಿ ಇಳಿದ ಮೇಲೆ ಹೇಳಿದ. “ರಾಡ್ ಹೊರಾಕ ನನಗೇನ್ ನಾಚ್ಕಿ ಇಲ್ರೀ. ಆದ್ರ ಈ ಸಲ ಹುಡುಗೀರ್ ಸಾಲಿ ಬಿಡ್ಸಂಗಿಲ್ಲ ಅಂತ ಅವರವ್ವ ಹೇಳಿಬಿಟ್ಟಾಳ. ನಾ ಒಬ್ಬನ ಹೋಗ್ಬೇಕು, ಅವ್ರು ಇಲ್ಲೇ ಇರ್ಬೇಕು. ಮೂರು ವರ್ಷ ಹಂಗ ಇದ್ದು ಈಗರ ಕೂಡೇವ್ರಿ.”

ಅದರ ಮುಂದಿನ ದೊಡ್ಡ ಕೆಲಸವೇ ಮಾಗಡಿ ರಸ್ತೆಯನ್ನು ದಾಟುವುದು. ಮೊದಲೇ ಹೇಳಿದೆನಲ್ಲ, ಆ ಭಾನುವಾರದ್ದು. ಈ ಕಡೆ ವಿಜಯನಗರ, ಆ ಕಡೆ ಹೊಸಹಳ್ಳಿಯ ಹಳೇ ಮನೆಗಳ ಸಾಲು, ನಡುವೆ ಒಂದು ನಿಮಿಷ ಸುಮ್ಮನಿರದ ರಸ್ತೆ. ನಾವು ಹೊರಡುವ ಗುಂಡಿಯ ಹತ್ತಿರವೇ ಕರೆಂಟಿನ ಕೇಬಲ್. ರಸ್ತೆ ದಾಟಿದ ಕೂಡಲೇ ಅಂಚಿನಲ್ಲಿ ನೀರಿನ ದೊಡ್ಡ ಕೊಳವೆ. ಅದರಾಚೆ ಒಂದು ಖಾಲಿ ಜಾಗ, ಅಲ್ಲೆಲ್ಲೋ ಮುಚ್ಚಿದ ಬಾವಿ. ಅದೂ ಆದ ಮೇಲೆ ನಮ್ಮ ಕೊನೆಯ ಗುಂಡಿ.

ದಾರಿ ಗೀಚುವ ಕೆಲಸವನ್ನು ನಾನು ಮನೆಯ ಊಟದ ಮೇಜಿನ ಮೇಲೆ ಮಾಡುತ್ತಿದ್ದೆ. ಉಕ್ಕಿನ ರಾಡು ಬಾಗುತ್ತದೆ, ಆದರೆ ಹಠಮಾರಿ ಮಾವನ ಹಾಗೆ, ನಿಧಾನಕ್ಕೆ ಮತ್ತು ಸ್ವಲ್ಪವೇ. ಇಲ್ಲಿ ಇಳಿಯಬೇಕು ಅಂದರೆ ನಾಲ್ಕು ರಾಡು ಮುಂಚೆಯೇ ಇಳಿಯಲು ಶುರು ಮಾಡಿರಬೇಕು. ಕೊಳವೆಯ ತಳಕ್ಕಿಂತ ಒಂದು ಮಾರು ಕೆಳಗೆ ಹೋಗುವುದು ಅಂತ ಗೀಚಿದೆ. ಅಳಿಸಿ ಒಂದೂವರೆ ಮಾರು ಅಂತ ಗೀಚಿದೆ. ಅಷ್ಟು ಆಳ ಹೋದರೆ ಬಂಡೆ ಸಿಗುತ್ತದೆ ಅನ್ನಿಸಿ ಮತ್ತೆ ಒಂದು ಮಾರಿಗೆ ತಂದೆ. ಬೆಂಗಳೂರಿನ ನೆಲ ಮೇಲೆ ಕೆಮ್ಮಣ್ಣು, ಕೆಳಗೆ ಗೊರಚು, ಅದರ ಕೆಳಗೆ ಬಂಡೆ, ನಡುನಡುವೆ ಹೇಳದೆ ಕೇಳದೆ ಕೂತ ಗುಂಡುಕಲ್ಲು. ಗೀತಾ ತಟ್ಟೆ ಇಡಲು ಜಾಗ ಕೇಳಿದಳು. ಮಲ್ಲಪ್ಪನ ಹೆಂಡತಿ ಮಕ್ಕಳ ವಿಷಯ ಅವಳಿಗೆ ಹೇಳಿದ್ದೆ. ಅವಳು ತಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತು ಒಂದಷ್ಟು ಹೊತ್ತು ಆ ಗೀಟುಗಳನ್ನು ನೋಡಿದಳು. “ಪೈಪ್ ಎಲ್ಲಿದೆ ಅಂತ ನೀವು ಕಣ್ಣಲ್ಲಿ ನೋಡಿದೀರಾ?” ಅಂದಳು.

ನೋಡಬೇಕು ಅಂತಲೇ ಇತ್ತು, ಆದರೆ ಅದಕ್ಕೊಂದು ದಿನ ಹಿಡಿಯುತ್ತದೆ, ವರದರಾಜು ಸಾರ್ ಕೊಡುತ್ತಾರೋ ಇಲ್ಲವೋ ಅಂತ ನಾನು ಹಿಂದೆಮುಂದೆ ನೋಡುತ್ತಿದ್ದೆ. ಮರುದಿನ ಕೇಳಿದೆ, ಕೊಟ್ಟರು. ರಸ್ತೆಯ ಅಂಚಿನಲ್ಲಿ ಗುದ್ದಲಿಯಲ್ಲಿ ನಿಧಾನವಾಗಿ ಅಗೆಸಿ, ಕೊಳವೆಯ ಬೆನ್ನು ಕಾಣುವವರೆಗೆ ತೆಗೆಸಿದೆ. ಕಪ್ಪು ಎಮ್ಮೆಯ ಬೆನ್ನಿನ ಹಾಗೆ ತೇವವಾಗಿ ಹೊಳೆಯುತ್ತಿತ್ತು. ನಾನೇ ಇಳಿದು ಕೈಯಲ್ಲಿ ಮುಟ್ಟಿ, ಗೇಣು ಹಾಕಿ ಅಳೆದು ಬಂದೆ. ಕಣ್ಣಲ್ಲಿ ನೋಡಿದ್ದನ್ನು ಮಾತ್ರ ನಂಬಿ. ಇದು ನನ್ನ ಬುದ್ಧಿವಾದವಲ್ಲ, ಗೀತಾಳದ್ದು.

ಬಾವಿಯದ್ದೇ ಕಷ್ಟವಾಯಿತು. ಆ ಖಾಲಿ ಜಾಗ ಹೊಸಹಳ್ಳಿಯ ಗಂಗಹನುಮಯ್ಯನವರದು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲವೇ ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳಾಗಿ ನಿಂತಿತ್ತು. ಅವರು ಕೋಲೂರಿಕೊಂಡು ಬಂದು ಒಂದು ಕಡೆ ಕುಟ್ಟಿ, “ಇಲ್ಲೇ ಕಣಪ್ಪ ಬಾವಿ ಇದ್ದಿದ್ದು. ನಾನು ಈಜು ಕಲ್ತಿದ್ದೇ ಇದ್ರಲ್ಲಿ” ಅಂದರು. ನಾನು ಸುಣ್ಣದಲ್ಲಿ ಗುರುತು ಹಾಕಿದೆ. ಅಷ್ಟರಲ್ಲಿ ಅವರ ತಮ್ಮ ಬಂದು, ಬಾವಿ ಇದ್ದದ್ದು ಅಲ್ಲಲ್ಲ, ಆ ಟ್ರಾನ್ಸ್‌ಫಾರ್ಮರ್ ಪಕ್ಕ, ಅಣ್ಣನಿಗೆ ಈಜೇ ಬರಲ್ಲ ಅಂದರು. ಇಬ್ಬರೂ ನನ್ನನ್ನು ಮಧ್ಯೆ ನಿಲ್ಲಿಸಿಕೊಂಡು ತಮ್ಮ ಬಾಲ್ಯವನ್ನೆಲ್ಲ ಎತ್ತಿ ಜಗಳವಾಡಿದರು. ಕೊನೆಗೆ ಇಬ್ಬರ ಬಾವಿಗೂ ಸುಣ್ಣದ ಸುತ್ತು ಹಾಕಿ, ಎರಡರ ನಡುವೆ ನನ್ನ ದಾರಿ ಗೀಚಿದೆ. ಬಾವಿ ಆ ನಡುವೆಯೇ ಇದ್ದರೆ ಏನು ಮಾಡುವುದು ಅನ್ನುವುದು ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು.

ಭಾನುವಾರ ಬೆಳಿಗ್ಗೆ ಮೆಷಿನ್ ಶುರುವಾಯಿತು. ವರದರಾಜು ಸಾರ್ ಹೊಸಹಳ್ಳಿ ಬದಿಯ ಹೋಟೆಲಿನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

ಕೇಬಲ್ಲಿನ ಹತ್ತಿರ ಬರುತ್ತಿದ್ದಂತೆ ರಿಸೀವರಿನ ಅಂಕಿಗಳು ಕುಣಿಯತೊಡಗಿದವು. ಕರೆಂಟಿನ ಪಕ್ಕದಲ್ಲಿ ಅವು ಕುಣಿಯುವುದು ನಿರೀಕ್ಷಿಸಿದ್ದೇ. ಒಮ್ಮೆ ಎರಡಾಳು ಆಳ ಅನ್ನುತ್ತದೆ, ಮರುಕ್ಷಣ ಮೊಣಕಾಲುದ್ದ ಅನ್ನುತ್ತದೆ. ನಿಂತು, ಕಾದು, ಆಚೀಚೆ ಹೆಜ್ಜೆ ಹಾಕಿ, ಸರಾಸರಿ ಹಿಡಿದು ಮುಂದೆ ಹೋದೆವು. ರಸ್ತೆಯ ಮಧ್ಯದಲ್ಲಿ ನಾನು, ಎರಡೂ ಕಡೆ ಕೆಂಪು ಬಾವುಟ ಹಿಡಿದವರು, ನನ್ನನ್ನು ಸುತ್ತಿ ಹೋಗುವ ಆಟೋಗಳು. ಒಬ್ಬ ಡ್ರೈವರು ತಲೆ ಹೊರಗೆ ಹಾಕಿ, “ಗುರು, ರಸ್ತೆ ಮೇಲೆ ಇಸ್ತ್ರಿ ಮಾಡ್ತಾ ಇದೀಯ?” ಅಂದು ಹೋದ.

ರಸ್ತೆ ದಾಟಿದ್ದೆವು. ನೀರಿನ ಕೊಳವೆಗೆ ಇನ್ನೊಂದು ಹೆಜ್ಜೆ ಇರುವಾಗ ವಾಕಿಟಾಕಿಯಲ್ಲಿ ಮಲ್ಲಪ್ಪನ ದನಿ ಬಂತು. “ನಿಂದ್ರಿಸೇನ್ರಿ. ಏನೋ ತಗಲೈತಿ.”

ಒತ್ತಡದ ಮುಳ್ಳು ಒಮ್ಮೆಲೇ ಮೇಲಕ್ಕೆ ಹಾರಿತ್ತಂತೆ. ನನ್ನ ರಿಸೀವರಿನ ಪ್ರಕಾರ ತಲೆ ಕೊಳವೆಯ ತಳದಿಂದ ಒಂದು ಮಾರು ಕೆಳಗಿತ್ತು. ಆದರೆ ಅದೇ ರಿಸೀವರು ಸ್ವಲ್ಪ ಹೊತ್ತಿನ ಮುಂಚೆ ಮೊಣಕಾಲುದ್ದ ಅಂತಲೂ ಹೇಳಿತ್ತು. ಕಲ್ಲೋ ಪೈಪೋ ಅಂತ ಕೇಳಿದೆ.

“ತಿಳಿವಲ್ದ್ರೀ” ಅಂದ. ಆಮೇಲೆ, “ಬಸವೇಶ್ವರನಗರದಾಗೂ ಹಿಂಗ ಆಗಿತ್ರಿ” ಅಂದ.

ಕಲ್ಲಾಗಿದ್ದರೆ ತಳ್ಳಬಹುದು. ಪೈಪಾಗಿದ್ದರೆ ತಳ್ಳಿದರೆ ಮುಗಿಯಿತು. ಬಿಟ್ಟು ವಾಪಸ್ಸು ಎಳೆದರೆ ಕೆಲಸ ಆಗಲಿಲ್ಲ ಅನ್ನುವುದೂ ಮಲ್ಲಪ್ಪನ ಲೆಕ್ಕಕ್ಕೇ. ಏನು ಮಾಡಲೂ ತೋಚದೆ ಹಿಂದಿನ ದಿನ ಅಗೆಸಿದ್ದ ತೂತಿನೊಳಗೆ ನೋಡಿದೆ. ಕೊಳವೆಯ ಕಪ್ಪು ಬೆನ್ನು ಹಾಗೇ ಇತ್ತು. ಆಗ ಹೊಳೆಯಿತು. ತಲೆ ಕೊಳವೆಯನ್ನು ಮುಟ್ಟಿದ್ದರೆ, ಅದನ್ನು ತಿರುಗಿಸಿದಾಗ ಕಬ್ಬಿಣದಲ್ಲಿ ಸದ್ದು ಬರಲೇಬೇಕು.

ತಳ್ಳಬೇಡ, ನಿಂತಲ್ಲೇ ಮೆಲ್ಲಗೆ ತಿರುಗಿಸು, ನಾನು ಹೇಳುವವರೆಗೂ ನಿಲ್ಲಿಸಬೇಡ ಅಂತ ಮಲ್ಲಪ್ಪನಿಗೆ ಹೇಳಿ, ಮಾಗಡಿ ರಸ್ತೆಯ ಅಂಚಿನಲ್ಲಿ ಬೋರಲು ಮಲಗಿದೆ. ಸೊಂಟದವರೆಗೆ ತೂತಿನೊಳಗೆ ಬಾಗಿ ಕೊಳವೆಗೆ ಕಿವಿ ಹಚ್ಚಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದೆ, ಸಾರ್ ಬರುತ್ತಾರೆ ಅಂತ. ಸುತ್ತ ಜನ ಸೇರಿದ್ದು ಅವರ ಕಾಲುಗಳಿಂದ ಗೊತ್ತಾಯಿತು. ಏನಣ್ಣ, ಉಸಿರಿದೆಯಾ ಅಂತ ಯಾರೋ ಕೇಳಿದರು. ಯಾರ ಉಸಿರು ಅಂತ ಅವರು ಹೇಳಲಿಲ್ಲ.

ಕೊಳವೆಯೊಳಗೆ ನೀರು ಹೋಗುವ ಸದ್ದು ದೊಡ್ಡದಾಗಿ, ಎಡೆಬಿಡದೆ ಕೇಳುತ್ತಿತ್ತು. ಅದರ ಮೇಲೆ ಬೇರೆ ಏನಾದರೂ ಇದೆಯಾ ಅಂತ ಉಸಿರು ಹಿಡಿದು ಕೇಳಿದೆ. ಕೊರೆಯುವ ಸದ್ದು ಇತ್ತು, ಆದರೆ ಅದು ಕಿವಿಯಲ್ಲಿರಲಿಲ್ಲ. ಮಣ್ಣಿಗೆ ಊರಿದ್ದ ನನ್ನ ಮೊಣಕೈಯಲ್ಲಿ ಗರಗರ ಅನ್ನುತ್ತಿತ್ತು. ಕಿವಿಯನ್ನು ಇನ್ನೂ ಒತ್ತಿದೆ. ನೀರು, ಬರೀ ನೀರು.

ನೆತ್ತಿಯ ಮೇಲೆ ವರದರಾಜು ಸಾರ್ ಧ್ವನಿ ಕೇಳಿತು. “ಏನ್ರೀ ಕೇಳಿಸ್ತಾ ಇದೆ?”

“ನೀರು ಸಾರ್.”

“ನೀರು ಒಳಗೇ ಇದೆ ತಾನೆ?”

ಒಳಗೇ ಇದೆ, ನಮ್ಮ ತಲೆ ಕೊಳವೆಯನ್ನು ಮುಟ್ಟಿಲ್ಲ, ಕೆಳಗೆ ಮಣ್ಣಲ್ಲಿ ಗುಂಡುಕಲ್ಲು ಸಿಕ್ಕಿದೆ ಅಂದೆ. ಖಂಡಿತವಾ ಅಂತ ಕೇಳಿದರು. ಜೀವಮಾನದಲ್ಲಿ ಯಾವುದಕ್ಕೂ ಖಂಡಿತ ಅನ್ನದ ನಾನು ತೂತಿನೊಳಗಿಂದಲೇ ಖಂಡಿತ ಅಂದೆ. ಎದ್ದು ನಿಂತು ಅವರ ಮುಖ ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ಎರಡು ರಾಡು ಹಿಂದಕ್ಕೆ ಎಳೆಸಿದೆ. ತಲೆಯ ಮುಖವನ್ನು ಆರು ಗಂಟೆಗೆ ತಿರುಗಿಸಿ, ತಿರುಗುವುದನ್ನು ನಿಲ್ಲಿಸಿ, ಸುಮ್ಮನೆ ತಳ್ಳು ಅಂದೆ. ಮಲ್ಲಪ್ಪ ತಳ್ಳಿದ. ನನ್ನ ಅಂಕಿ ಗೇಣು ಗೇಣಾಗಿ ಇಳಿಯಿತು. ಕಲ್ಲಿನ ಹೊಟ್ಟೆಯ ಕೆಳಗೆ ನುಸುಳಿ, ಕೊಳವೆಯ ಕೆಳಗೆ ನುಸುಳಿ, ತಲೆ ಆ ಕಡೆ ಹೊರಟುಹೋಯಿತು. ವಾಕಿಟಾಕಿಯಲ್ಲಿ ಅವನು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಅವನು ಮಾತಾಡುವ ಗುಂಡಿ ಒತ್ತಿಕೊಂಡೇ ಇದ್ದ, ಬಿಡುವುದನ್ನು ಮರೆತಿದ್ದ.

ಇನ್ನು ಬಾವಿ. ಅಣ್ಣತಮ್ಮಂದಿರಿಬ್ಬರೂ ಜಗಲಿಯ ಮೇಲೆ ಕೂತು, ಒಬ್ಬೊಬ್ಬರೂ ತಮ್ಮ ಸುಣ್ಣದ ಸುತ್ತಿನ ಮೇಲೆ ಕಣ್ಣಿಟ್ಟಿದ್ದರು. ಬಾವಿಗೆ ನುಗ್ಗಿದರೆ ಬೂದು ಕೆಸರು ವಾಪಸ್ಸು ಬರುವುದು ನಿಲ್ಲುತ್ತದೆ, ಹಾಗಾಗಿ ಪ್ರತಿ ಹೆಜ್ಜೆಗೂ ಮಲ್ಲಪ್ಪನನ್ನು ಕೇಳಿದೆ. ಬರಾಕತ್ತೈತ್ರಿ, ಬರಾಕತ್ತೈತ್ರಿ ಅಂದ. ನಾಲ್ಕನೇ ಸಲ ಕೇಳಿದ್ದಕ್ಕೆ, “ಬಂದ ಬರತೈತ್ರಿ, ನೀವು ನಡೀರಿ” ಅಂದ. ಬಾವಿ ಸಿಗಲಿಲ್ಲ. ಯಾರ ಬಾವಿ ನಿಜ ಅನ್ನುವುದು ತೀರ್ಮಾನವಾಗದೆ ಇಬ್ಬರೂ ನಿರಾಶೆಯಿಂದ ಒಳಗೆ ಹೋದರು.

ಇನ್ನುಳಿದದ್ದು ಕೊನೆಯ ಗುಂಡಿ. ನಾನು ಹನ್ನೆರಡು ಗಂಟೆ ಅಂದೆ. ತಲೆ ಮೇಲಕ್ಕೆ ಮುಖ ಮಾಡಿ ಏರತೊಡಗಿತು. ಅಂಕಿಗಳು ಒಂದೂ ಕುಣಿಯದೆ ಲಕ್ಷಣವಾಗಿ ಕಡಿಮೆಯಾಗುತ್ತಾ ಬಂದವು. ಇಷ್ಟು ಚೆನ್ನಾಗಿ ನಡೆಯುತ್ತಿದೆ ಅಂದರೆ ಈಗ ಏನೋ ಕಾದಿದೆ ಅಂತ ನನ್ನ ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು. ರಾಡು ಮುರಿಯಿತಾ, ಬ್ಯಾಟರಿ ಸತ್ತಿತಾ ಅಂತ ರಿಸೀವರಿನ ಪರದೆಯಿಂದ ಕಣ್ಣು ಕೀಳಲಿಲ್ಲ. ತಲೆಯ ನೆತ್ತಿಗೆ ಸರಿಯಾಗಿ, ಒಂದು ಗೇಣು ಆಚೀಚೆ ಆಗದಂತೆ ನಡೆದೆ. ಎದೆಗೆ ಒಂದು ಹಗ್ಗ ತಗುಲಿತು. ಅದನ್ನು ಎಡಗೈಯಲ್ಲಿ ಎತ್ತಿ, ಬಗ್ಗಿ ದಾಟಿದೆ. ಸಾರ್ವಜನಿಕರು ಯಾರೂ ಬೀಳದಿರಲಿ ಅಂತ ಹಿಂದಿನ ಸಂಜೆ ನಾನೇ ನಿಂತು ಕಟ್ಟಿಸಿದ್ದ ಹಗ್ಗ ಅದು. ಅದಕ್ಕೆ ಕೆಂಪು ಬಟ್ಟೆಯ ಚೂರುಗಳನ್ನೂ ಕಟ್ಟಿಸಿದ್ದೆ. ಮುಂದಿನ ಹೆಜ್ಜೆ ಇಟ್ಟಲ್ಲಿ ನೆಲ ಇರಲಿಲ್ಲ.

ಗುಂಡಿಯ ತಳದಲ್ಲಿ ಮೊಣಕಾಲುದ್ದ ಕೆಸರಿತ್ತು. ರಿಸೀವರನ್ನು ಮಗುವಿನ ಹಾಗೆ ಎದೆಗವಚಿಕೊಂಡೇ ಬಿದ್ದಿದ್ದೆ, ಅದಕ್ಕೇನೂ ಆಗಲಿಲ್ಲ. ವಾಕಿಟಾಕಿ ಕೆಸರಿನೊಳಗೆ ಹೋಯಿತು. ನಾನು ಕೊನೆಯದಾಗಿ ಅದರಲ್ಲಿ ಹೇಳಿದ ಮಾತು “ಅಯ್ಯೋ” ಅಂತ. ಮಲ್ಲಪ್ಪನಿಗೆ ಅದಾದ ಮೇಲೆ ಏನೂ ಕೇಳಿಸಲಿಲ್ಲ.

ಲಿವರ್ ಹಿಡಿದವನು ಸೀಟು ಬಿಟ್ಟು ಇಳಿಯಬಾರದು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಅವನು ಮೆಷಿನ್ ನಿಲ್ಲಿಸಿ, ಇಳಿದು, ಮಾಗಡಿ ರಸ್ತೆಯನ್ನು ಎಡಬಲ ನೋಡದೆ ಓಡಿ ದಾಟಿದನಂತೆ. ಎರಡು ಬಸ್ಸು ಬ್ರೇಕು ಹಾಕಿದವಂತೆ. ನಾನು ತಲೆಯೆತ್ತಿ ನೋಡಿದಾಗ ಗುಂಡಿಯ ಅಂಚಿನಲ್ಲಿ ನಿಂತಿದ್ದ. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಸುತ್ತಲೂ ನೋಡುತ್ತಿದ್ದ.

“ನೀರೆಲ್ಲೈತ್ರಿ?”

“ನೀರಿಲ್ಲ ಮಲ್ಲಪ್ಪ. ನಾನು ಬಿದ್ದೆ.”

“ಪೈಪ್?”

“ಪೈಪು ಚೆನ್ನಾಗಿದೆ. ಆವಾಗಲೇ ದಾಟಿ ಬಂದ್ವಲ್ಲ.”

ಅವನು ಅಲ್ಲೇ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಗುತ್ತಿದ್ದಾನೆ ಅಂದುಕೊಂಡೆ, ಟವೆಲು ತೆಗೆದಾಗ ಹಾಗೆ ಕಾಣಲಿಲ್ಲ. “ಹೆಂಡ್ತಿಗಿ ಏನ್ ಹೇಳೂದು ಅಂತ ರಸ್ತಾ ದಾಟೂತನಾ ಜೋಡಿಸ್ಕೊಂತ ಬಂದ್ನಿರಿ” ಅಂದ.

ಅಷ್ಟರಲ್ಲಿ ವರದರಾಜು ಸಾರ್ ಏದುಸಿರು ಬಿಡುತ್ತಾ ಬಂದರು. ಕಾಫಿ ಲೋಟ ಕೈಯಲ್ಲೇ ಇತ್ತು. ಅವರು ನನ್ನನ್ನು ನೋಡಿದರು, ಹಗ್ಗವನ್ನು ನೋಡಿದರು, ಕೆಂಪು ಬಟ್ಟೆಯ ಚೂರುಗಳನ್ನು ನೋಡಿದರು.

“ಏನೂ ಒಡೆದಿಲ್ಲ ತಾನೆ?”

“ಕಾಲು, ಸಾರ್. ಸ್ವಲ್ಪ.”

“ಕಾಲು ನಮ್ಮ ಕೆಲಸಕ್ಕೆ ಸೇರಿದ್ದಲ್ಲ, ಬಿಡಿ” ಅಂದರು. ಆಮೇಲೆ ಮಲ್ಲಪ್ಪನ ಕಡೆ ತಿರುಗಿದರು. “ನೀನ್ಯಾಕಯ್ಯ ಇಲ್ಲಿ ಕೂತಿದೀಯ? ನಿನ್ನ ಸೀಟು ಆ ಕಡೆ ಇದೆ. ಹೋಗು, ನಿನ್ನ ಸೀಟಲ್ಲಿ ಕೂತ್ಕೋ.”

ಮಲ್ಲಪ್ಪ ಎದ್ದ. ಈ ಸಲ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಒಂದು ಬಸ್ಸು ಹೋಗುವವರೆಗೂ ಕಾದು ರಸ್ತೆ ದಾಟಿದ. ನನ್ನನ್ನು ಎತ್ತಿ ಹೋಟೆಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಂದ ನೋಡುತ್ತಿದ್ದಂತೆ ಗುಂಡಿಯ ಗೋಡೆ ಒದ್ದೆಯಾಯಿತು, ಉಬ್ಬಿತು, ಮಣ್ಣು ಉದುರಿ ಓರೆ ತುದಿ ಹೊರಗೆ ಬಂತು, ನಾನು ಗೀಚಿದ್ದ ಜಾಗದಲ್ಲೇ. ಸಂಜೆಯೊಳಗೆ ನಮ್ಮ ಪ್ಲಾಸ್ಟಿಕ್ ಕೊಳವೆಯನ್ನು ವಾಪಸ್ ಎಳೆದುಕೊಂಡೂ ಆಯಿತು.

ಮುರಿದದ್ದು ಎಡಗಾಲಿನ ಕಿರುಬೆರಳು. ಅದಕ್ಕೆ ಪ್ಲಾಸ್ಟರ್ ಕೂಡ ಹಾಕುವುದಿಲ್ಲವಂತೆ. ಡಾಕ್ಟರು ಅದನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿ ಮನೆಗೆ ಕಳಿಸಿದರು.